ಕೋಳಿಗೂಡಿಗೆ ಯಾರ ಕೈ ಅಳತೆ?

ಚರಿತ್ರೆ ಅಂದ ಕೂಡಲೇ ನಮ್ಮ ಮಡಕಶಿರಾ ಸೀಮೆಯವರು ಹೇಮಾವತಿಯ ಕಡೆ ಕೈ ತೋರಿಸುತ್ತಾರೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು ಅದೇ. ಅಲ್ಲಿನ ಕಂಬ, ಶಾಸನ, ನಂದಿ ಎಲ್ಲವೂ ಬರೆಯಬೇಕಾದ ಸಂಗತಿಗಳೇ, ಬರೆದವರೂ ಇದ್ದಾರೆ. ಆದರೆ ನಮ್ಮ ಹಿತ್ತಿಲಲ್ಲಿ ದಿನಾ ಕಣ್ಣಿಗೆ ಬೀಳುವ ಸಾಮಾನುಗಳಿಗೂ ಒಂದೊಂದು ಚರಿತ್ರೆ ಇರುತ್ತದೆ. ಮೊರಕ್ಕೆ ಇದೆ, ಒನಕೆಗೆ ಇದೆ, ಕೋಳಿಗೂಡಿಗೂ ಇದೆ. ಈ ಸಲ ನಾನು ಕೋಳಿಗೂಡಿನ ಚರಿತ್ರೆ ಬರೆಯುತ್ತಿದ್ದೇನೆ. ಅದೂ ಗೋಡೆ ಕಟ್ಟಿ ನೆಟ್ಟು ನಿಲ್ಲಿಸಿದ ಗೂಡಿನದಲ್ಲ. ಇವತ್ತು ಇಲ್ಲಿ, ನಾಳೆ ಅಲ್ಲಿ ಅಂತ ಎತ್ತಿ ಇಡುವ ಗೂಡಿನದು. ನಾಲ್ಕು, ಎಂಟು, ಹತ್ತು ಕೋಳಿ ಸಾಕುವವರಿಗೆ ಆ ಗೂಡು ಎಷ್ಟು ದೊಡ್ಡದಿರಬೇಕು, ಆ ಅಳತೆಯನ್ನು ಹಿಂದಿನಿಂದ ಯಾರು ಯಾರು ಹೇಗೆ ತೀರ್ಮಾನಿಸಿಕೊಂಡು ಬಂದರು ಅನ್ನೋದೇ ನನ್ನ ವಿಷಯ.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ನಮ್ಮ ಊರುಗಳಲ್ಲಿ ಮನೆಕೋಳಿ ವರ್ಷ ವರ್ಷ ಕಮ್ಮಿ ಆಗುತ್ತಿವೆ. ಹಿಂದೆ ಮನೆ ಮುಂದೆ ಕಣ, ಕಣದ ಪಕ್ಕ ತಿಪ್ಪೆ, ತಿಪ್ಪೆ ಆಚೆ ಹೊಲ ಇತ್ತು. ಕೋಳಿ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿತ್ತು. ಈಗ ಮನೆ ಮುಂದೆ ಸಿಮೆಂಟು ರಸ್ತೆ, ಪಕ್ಕದಲ್ಲಿ ಇನ್ನೊಬ್ಬರ ಕಾಂಪೌಂಡು. ಹೊರಗೆ ಬಿಟ್ಟರೆ ನಾಯಿ, ಬೈಕು. ಪಕ್ಕದ ಮನೆಯವರ ಸೊಪ್ಪಿನ ಮಡಿಗೆ ಹೋದರೆ ಜಗಳ. ಬಿಡದೆ ಮುಚ್ಚಿಟ್ಟರೆ ರೋಗ. "ಯಾಕೆ ಬೇಕಪ್ಪಾ ಸಹವಾಸ" ಅಂತ ಬಿಟ್ಟವರೇ ಜಾಸ್ತಿ. ಹಾಗೆ ಬಿಟ್ಟಾಗ ಹೋಗುವುದು ಕೋಳಿ ಒಂದೇ ಅಲ್ಲ. ಎಮ್ಮೆಯ ದುಡ್ಡು, ಕಡಲೆಕಾಯಿ ದುಡ್ಡು ಮನೆಯ ಯಜಮಾನನ ಕೈಗೆ ಸೇರುತ್ತದೆ. ಮೊಟ್ಟೆ ಮಾರಿದ ದುಡ್ಡು, ಹುಂಜ ಮಾರಿದ ದುಡ್ಡು ಮಾತ್ರ ಹೆಂಗಸರ ಸೆರಗಿನ ಗಂಟಿನಲ್ಲೇ ಉಳಿಯುತ್ತದೆ. ಮಕ್ಕಳ ಪೆನ್ಸಿಲು, ಜ್ವರದ ಮಾತ್ರೆ, ತವರಿಗೆ ಬಸ್ ಚಾರ್ಜು ಎಲ್ಲ ಆ ಗಂಟಿನಿಂದಲೇ ಬರುತ್ತಿತ್ತು. ಗೂಡಿನ ಅಳತೆ ಸರಿ ಇಲ್ಲದೆ ಕೋಳಿ ಹೋದರೆ ಆ ಗಂಟೂ ಹೋಗುತ್ತದೆ.

ಕೆಲವು ವರ್ಷದ ಹಿಂದೆ ನಮ್ಮ ಕಡೆ ಒಂದು ಯೋಜನೆಯಲ್ಲಿ ಕೋಳಿಮರಿಯ ಜೊತೆ ಕಬ್ಬಿಣದ ಗೂಡು ಕೊಟ್ಟರು. ಒಳ್ಳೆಯ ಬಣ್ಣ, ಗಟ್ಟಿ ಸರಳು, ಕೆಳಗೆ ತಗಡಿನ ತಟ್ಟೆ. ಇಳಿಸಲು ನಾಲ್ಕು ಜನ ಗಂಡಸರು ಬೇಕಾದರು. ಇಳಿಸಿದ ಜಾಗದಲ್ಲೇ ಅದು ನಿಂತಿತು. ಮಳೆಗಾಲದಲ್ಲಿ ಕೆಳಗೆ ಹಿಕ್ಕೆ ಕೊಳೆತು ನಾತ ಬಂತು, ಬೇಸಿಗೆಯಲ್ಲಿ ತಗಡು ಕಾದು ಬೆಂಕಿಯಾಯಿತು. ಈಗ ಅಂಥ ಗೂಡುಗಳಲ್ಲಿ ಸೌದೆ ಇಟ್ಟಿದ್ದಾರೆ. ಅದರ ಜೊತೆ ಬಂದ ತೆಲುಗು ಕರಪತ್ರದಲ್ಲಿ ಒಂದು ಕೋಳಿಗೆ ಇಷ್ಟು ಚದರ ಸೆಂಟಿಮೀಟರ್ ಅಂತ ಲೆಕ್ಕ ಇತ್ತು. ಲೆಕ್ಕ ತಪ್ಪು ಅಂತ ನಾನು ಹೇಳುವುದಿಲ್ಲ. ಅದರಲ್ಲಿ ಒಂದು ಅಳತೆ ಬಿಟ್ಟುಹೋಗಿತ್ತು, ಅಷ್ಟೆ. ಆ ಗೂಡನ್ನು ಎತ್ತಬೇಕಾದ ಹೆಂಗಸಿನ ಕೈಯ ಅಳತೆ ಅದರಲ್ಲಿ ಇರಲಿಲ್ಲ.

ನಮ್ಮಲ್ಲಿ ಮೊದಲಿಂದ ಇದ್ದ ಎತ್ತಿಡುವ ಗೂಡು ಅಂದರೆ ಮಂಕರಿ. ಪಕ್ಕದ ತೆಲುಗಿನವರು ಗಂಪ ಅನ್ನುವುದು ಅದನ್ನೇ. ಮೇದರು ಬಿದಿರಿನ ದಬ್ಬೆಯಲ್ಲಿ ಹೆಣೆಯುತ್ತಿದ್ದರು, ಬಿದಿರು ಸಿಗದಿದ್ದರೆ ಲಕ್ಕಿ ಕಡ್ಡಿಯಲ್ಲಿ. ಬಾಯಿ ಕೆಳಗೆ ಮಾಡಿ ಕವುಚಿದರೆ ಗೂಡು, ನೆಟ್ಟಗೆ ಇಟ್ಟರೆ ಬುಟ್ಟಿ. ಮರಿ ಮಾಡಿದ ಹೇಂಟೆಯನ್ನು ಹದ್ದಿನ ಕಣ್ಣಿನಿಂದ, ಮುಂಗುಸಿಯ ಬಾಯಿಂದ ಕಾಯಲು ಅದೇ. ನೆಲ ಗಲೀಜಾದರೆ ಎರಡು ಮಾರು ಆಚೆ ಕವುಚಿದರೆ ಆಯಿತು. ಅದರ ಅಳತೆ ಹೇಗೆ ಹೇಳಿ ಮಾಡಿಸುತ್ತಿದ್ದಿರಿ ಅಂತ ನಾನು ನಮ್ಮ ಬೀದಿಯ ಒಬ್ಬ ಅಜ್ಜಿಯನ್ನು ಕೇಳಿದೆ. "ಏನ್ ಮೇಷ್ಟ್ರೇ, ಮಂಕರಿಗೂ ಲೆಕ್ಕ ಪುಸ್ತಕ ಬೇಕಾ? ಎರಡು ಕೈ ಚಾಚಿದ್ರೆ ಎರಡು ಕಡೆ ಅಂಚೂ ಸಿಗಬೇಕು. ಸಿಗಲಿಲ್ಲ ಅಂದ್ರೆ ಕವುಚಾಕೂ ಆಗಲ್ಲ, ಎತ್ತಾಕೂ ಆಗಲ್ಲ. ಅದರೊಳಗೆ ಒಂದು ಯಾಟೆ, ಹತ್ತು ಪಿಳ್ಳೆ ಹಿಡಿದ್ರೆ ಸಾಕು" ಅಂದರು. ಮೊದಲು ಎತ್ತುವವರ ಅಳತೆ, ಆಮೇಲೆ ಕೋಳಿಯ ಅಳತೆ. ಎರಡೂ ಒಂದೇ ಮಾತಿನಲ್ಲಿ ಬಂದುಬಿಟ್ಟವು.

ಇಂಥ ಮಾತನ್ನು ಹಳೆಯ ಪುಸ್ತಕಗಳಲ್ಲಿ ಹುಡುಕಿದರೆ ಸಿಗುವುದು ಕಷ್ಟ. ನಮ್ಮ ಗ್ರಂಥಗಳಲ್ಲಿ ಹುಂಜ ಇದೆ, ಹೇಂಟೆ ಕಮ್ಮಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಹುಂಜದ ಕಾಳಗಕ್ಕೆ ಬೇರೆ ಭಾಗವೇ ಇದೆ. ಜನ್ನನ ಯಶೋಧರ ಚರಿತೆಯಲ್ಲಿ ಹಿಟ್ಟಿನ ಹುಂಜ ಇಡೀ ಕಥೆಯನ್ನೇ ತಿರುಗಿಸುತ್ತದೆ. ಅರಮನೆಗೆ ಕಾಳಗದ ಹುಂಜ ಬೇಕಿತ್ತು, ಕಥೆಗೆ ಬಲಿಯ ಹುಂಜ ಬೇಕಿತ್ತು. ಮೊಟ್ಟೆ ಇಡುವ ಹೇಂಟೆ, ಅದನ್ನು ಮುಚ್ಚುವ ಮಂಕರಿ ಹೆಂಗಸರ ಪಾಲಿನದು. ಅದರ ಲೆಕ್ಕ ಬಾಯಲ್ಲೇ ಇತ್ತು, ಓಲೆಗೆ ಹತ್ತಲಿಲ್ಲ. ಹಾಗಾಗಿ ಗೂಡಿನ ಅಳತೆ ಬರೆದಿಟ್ಟವರನ್ನು ಹುಡುಕಲು ಸ್ವಲ್ಪ ದೂರ ಹೋಗಬೇಕಾಗುತ್ತದೆ.

ಅದಕ್ಕೆ ಮೊದಲು ಕೋಳಿಯ ಮೂಲ ಗುಣ ಒಂದು ತಿಳಿದಿರಬೇಕು. ಮನೆಕೋಳಿಯ ಪೂರ್ವಿಕ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ನಮ್ಮ ಪಶ್ಚಿಮ ಘಟ್ಟದಲ್ಲಿ, ವಯನಾಡು ನೀಲಗಿರಿಯ ಕಾಡಿನಲ್ಲಿ ಇರುವ ಬೂದು ಕಾಡುಕೋಳಿ ಅದರ ದಾಯಾದಿ. ಕಾಡುಕೋಳಿ ಹಗಲೆಲ್ಲ ನೆಲ ಕೆದಕುತ್ತದೆ, ರಾತ್ರಿ ಮರದ ಕೊಂಬೆ ಹತ್ತಿ ಒಂದಕ್ಕೊಂದು ಒತ್ತಿಕೊಂಡು ಕೂರುತ್ತದೆ. ಸಾವಿರಾರು ವರ್ಷ ಮನೆಯಲ್ಲಿ ಸಾಕಿದರೂ ಈ ಗುಣ ಹೋಗಿಲ್ಲ. ಆದ್ದರಿಂದ ಕೋಳಿಗೆ ಯಾವತ್ತೂ ಎರಡು ಅಳತೆ. ಮಲಗುವ ಜಾಗ ಒಂದು, ಅದು ಚಿಕ್ಕದಿದ್ದರೂ ನಡೆಯುತ್ತದೆ. ಕೆದಕುವ ಜಾಗ ಇನ್ನೊಂದು, ಅದು ಚಿಕ್ಕದಾದರೆ ನಡೆಯುವುದಿಲ್ಲ. ಈ ಎರಡನ್ನು ಬೆರೆಸಿ ಒಂದೇ ಲೆಕ್ಕ ಮಾಡಿದಾಗಲೆಲ್ಲ ಕೋಳಿಗೆ ತೊಂದರೆ ಆಗಿದೆ.

ಈ ಭೇದ ರೋಮಿನವರಿಗೆ ಚೆನ್ನಾಗಿ ಗೊತ್ತಿತ್ತು. ವಾರ್ರೋ ಅನ್ನುವ ಪಂಡಿತ ಕ್ರಿ.ಪೂ. 37ರ ಸುಮಾರಿಗೆ ಬೇಸಾಯದ ಮೇಲೆ ಪುಸ್ತಕ ಬರೆದ. ಆಗ ಅವನಿಗೆ ಎಂಬತ್ತರ ವಯಸ್ಸು. 200 ಕೋಳಿ ಸಾಕುವವನು ಜೋಡಿಯಾಗಿ ಎರಡು ಗೂಡು ಕಟ್ಟಬೇಕು, ಪೂರ್ವಕ್ಕೆ ಮುಖ ಇರಬೇಕು, ಒಂದೊಂದೂ ಸುಮಾರು 10 ಅಡಿ ಉದ್ದ, ಅದರ ಅರ್ಧ ಅಗಲ ಇರಬೇಕು ಅಂತ ಅವನು ಹೇಳುತ್ತಾನೆ. ಲೆಕ್ಕ ಹಾಕಿ ನೋಡಿ: ಎರಡೂ ಸೇರಿ 100 ಚದರ ಅಡಿ, 200 ಕೋಳಿ. ಒಂದಕ್ಕೆ ಅರ್ಧ ಚದರ ಅಡಿ! ಇದೇನು ಇಷ್ಟು ಇಕ್ಕಟ್ಟು ಅನ್ನಿಸುತ್ತದೆ. ಆದರೆ ಅದು ರಾತ್ರಿಯ ಲೆಕ್ಕ. ಒಳಗೆ ಅಡ್ಡಗೋಲುಗಳು, ಅದರ ಮೇಲೆ ಸಾಲಾಗಿ ಕೋಳಿ. ಬೆಳಗಾದರೆ ಬಾಗಿಲು ತೆಗೆದು ಸುತ್ತುಗೋಡೆಯ ಅಂಗಳಕ್ಕೆ ಬಿಡುತ್ತಿದ್ದರು. ನೂರು ವರ್ಷದ ನಂತರ ಬಂದ ಕೊಲುಮೆಲ್ಲ ಇನ್ನೂ ವಿವರ ಕೊಟ್ಟ. ಒಬ್ಬ ಆಳು ನೋಡಿಕೊಳ್ಳಲು 200ಕ್ಕಿಂತ ಜಾಸ್ತಿ ಕೋಳಿ ಬೇಡ. ಗೂಡು ಅಡುಗೆಮನೆಯ ಪಕ್ಕ ಇರಲಿ, ಹೊಗೆ ತಾಗುವುದು ಕೋಳಿಗೆ ಒಳ್ಳೆಯದು ಅಂದ. ನಮ್ಮ ಹಳೆಯ ಮನೆಗಳಲ್ಲಿ ಒಲೆಯ ಹಿಂದಿನ ಮೂಲೆಗೆ ಕೋಳಿ ಸೇರಿಸುತ್ತಿದ್ದುದು ನೆನಪಾಗುತ್ತದೆ. ಕೊಲುಮೆಲ್ಲನ ಮಾತಿನಲ್ಲಿ ಗಮನಿಸಬೇಕಾದದ್ದು, ಅವನೂ ಕೋಳಿಯ ಜೊತೆ ಆಳಿನ ಕೈಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ಅನ್ನೋದು.

ರೋಮಿನ ಗೂಡು ನಿಂತಲ್ಲೇ ನಿಲ್ಲುತ್ತಿತ್ತು. ಗೂಡನ್ನೇ ಹೊಲದ ಮೇಲೆ ನಡೆಸಬೇಕು ಅನ್ನುವ ಯೋಚನೆ ಕೋಳಿಯಿಂದ ಬಂದದ್ದಲ್ಲ, ಕುರಿಯಿಂದ ಬಂದದ್ದು. ಅದು ನಮಗೆ ಹೇಳಿಕೊಡಬೇಕಾಗಿಲ್ಲ. ಬೇಸಿಗೆ ಬಂತೆಂದರೆ ಕುರಿಗಾರರು ಮಂದೆ ಹೊಡೆದುಕೊಂಡು ಬರುತ್ತಾರೆ. ಹೊಲದಲ್ಲಿ ರೊಪ್ಪ ಹಾಕಿ ರಾತ್ರಿ ಕುರಿ ತರುಬುತ್ತಾರೆ. ಹಿಂದೆ ಮುಳ್ಳಿನ ಬೇಲಿ, ಈಗ ನೈಲಾನ್ ಬಲೆ. ಮಾರನೇ ದಿನ ರೊಪ್ಪ ಪಕ್ಕಕ್ಕೆ ಸರಿಯುತ್ತದೆ. ಹಾಗೆ ಸರಿಯುತ್ತಾ ಸರಿಯುತ್ತಾ ಇಡೀ ಹೊಲಕ್ಕೆ ಹಿಕ್ಕೆ, ಗಂಜಲ ಬೀಳುತ್ತದೆ. ಅದಕ್ಕೆ ರೈತ ಕಾಳೋ ದುಡ್ಡೋ ಕೊಡುತ್ತಾನೆ. ಇಂಗ್ಲೆಂಡಿನಲ್ಲೂ ಇದೇ ಪದ್ಧತಿ ಮಧ್ಯಯುಗದಿಂದ ಇತ್ತು. ಅಲ್ಲಿ ಮುಳ್ಳಿನ ಬದಲು ಮರದ ಕಡ್ಡಿಯಲ್ಲಿ ಹೆಣೆದ ತಡಿಕೆ. ಒಬ್ಬ ಕುರಿಗಾರ ಹೆಗಲ ಮೇಲೆ ಹೊರುವಷ್ಟು ಹಗುರ. ಒಂದೇ ವ್ಯತ್ಯಾಸ: ನಾರ್ಫೋಕ್ ಕಡೆ ಒಕ್ಕಲಿನವರ ಕುರಿಯನ್ನು ಒಡೆಯನ ಹೊಲದಲ್ಲೇ ತರುಬಬೇಕು ಅನ್ನುವ ಹಕ್ಕು ಒಡೆಯನಿಗಿತ್ತು. ನಮ್ಮಲ್ಲಿ ಹಿಕ್ಕೆಗೆ ಬೆಲೆ ಕುರಿಗಾರನಿಗೆ ಸಿಕ್ಕಿತು, ಅಲ್ಲಿ ಒಡೆಯನಿಗೆ ಸಿಕ್ಕಿತು.

ಈ ರೊಪ್ಪಕ್ಕೆ ಇಂಗ್ಲಿಷಿನಲ್ಲಿ ಫೋಲ್ಡ್ ಅನ್ನುತ್ತಾರೆ. 1920–30ರ ದಶಕಗಳಲ್ಲಿ ಅಲ್ಲಿನ ರೈತರು ಕುರಿಗೆ ಮಾಡಿದ್ದನ್ನು ಕೋಳಿಗೂ ಮಾಡಿ ನೋಡಿದರು. ಅದಕ್ಕೆ ಫೋಲ್ಡ್ ಯೂನಿಟ್ ಅಂತಲೇ ಹೆಸರು. ಉದ್ದನೆಯ ತಗ್ಗಾದ ಪೆಟ್ಟಿಗೆ. ಒಂದು ಕೊನೆಯಲ್ಲಿ ಮಲಗುವ ಗೂಡು, ಉಳಿದ ಭಾಗಕ್ಕೆ ತಂತಿ ಬಲೆ, ತಳ ಇಲ್ಲ. ಕೋಳಿ ನೇರ ಹುಲ್ಲಿನ ಮೇಲೆ ನಿಂತಿರುತ್ತದೆ. ದಿನಾ ಬೆಳಿಗ್ಗೆ ಒಂದು ಕೊನೆ ಎತ್ತಿ ಅದರದೇ ಉದ್ದದಷ್ಟು ಮುಂದಕ್ಕೆ ಎಳೆದರೆ ಹೊಸ ಹುಲ್ಲು, ಹಿಂದೆ ಗೊಬ್ಬರ. ಒಂದು ಪೆಟ್ಟಿಗೆಗೆ ಸಾಮಾನ್ಯವಾಗಿ 25 ಹೇಂಟೆ. ಇನ್ನೂ ಜಾಸ್ತಿ ಸಾಕಬೇಕಾದವನು ಪೆಟ್ಟಿಗೆ ದೊಡ್ಡದು ಮಾಡುತ್ತಿರಲಿಲ್ಲ, ಇನ್ನೊಂದು ಪೆಟ್ಟಿಗೆ ಮಾಡುತ್ತಿದ್ದ. ಯಾಕೆಂದರೆ 25ಕ್ಕಿಂತ ದೊಡ್ಡದಾದರೆ ಒಬ್ಬನ ಕೈಯಲ್ಲಿ ಎಳೆಯಲು ಆಗುತ್ತಿರಲಿಲ್ಲ.

ಎರಡನೇ ಮಹಾಯುದ್ಧ ಬಂದಾಗ ಆ ದೇಶದಲ್ಲಿ ಮೊಟ್ಟೆಗೂ ರೇಷನ್ ಬಂತು. 1941ರ ಜೂನ್‌ನಿಂದ ಒಬ್ಬರಿಗೆ ವಾರಕ್ಕೆ ಸುಮಾರು ಒಂದು ಮೊಟ್ಟೆ, ಅದೂ ಸಿಕ್ಕರೆ ಉಂಟು. ಆಗ ಸಣ್ಣ ಪ್ರಮಾಣದಲ್ಲಿ ಕೋಳಿ ಸಾಕುವವರಿಗೆ ಸರ್ಕಾರ ಒಂದು ದಾರಿ ಮಾಡಿತು. ನಿಮ್ಮ ರೇಷನ್ ಮೊಟ್ಟೆ ಬಿಟ್ಟುಕೊಡಿ, ಅದರ ಬದಲು ಕೋಳಿಗೆ ಹಿಟ್ಟಿನ ಮೇವು ತೆಗೆದುಕೊಳ್ಳಿ ಅಂತ. ಆಲೂಗಡ್ಡೆ ಸಿಪ್ಪೆ ಬೇಯಿಸಿ ಆ ಹಿಟ್ಟಿಗೆ ಕಲಸಿ ಹಾಕುತ್ತಿದ್ದರು. ಹಳೆ ಪೆಟ್ಟಿಗೆಯ ಹಲಗೆ ಬಡಿದು ನಾಲ್ಕಾರು ಕೋಳಿಗೆ ಆಗುವಷ್ಟು ಗೂಡನ್ನು ಮನೆಮಂದಿಯೇ ಮಾಡಿಕೊಂಡರು. ಊರಲ್ಲಿ ಉಳಿದವರು ಹೆಚ್ಚಾಗಿ ಹೆಂಗಸರು, ವಯಸ್ಸಾದವರು, ಮಕ್ಕಳು. ಅವರು ಎತ್ತಬಲ್ಲಷ್ಟೇ ಗೂಡು.

ಯುದ್ಧ ಮುಗಿದ ಮೇಲೆ ಎಲ್ಲ ತಿರುಗಿಬಿಟ್ಟಿತು. ಆಳಿನ ಕೂಲಿ ಏರಿತು. ಮಳೆ, ಕೆಸರಿನಲ್ಲಿ ದಿನಾ ಗೂಡು ಎಳೆಯುವುದು ಯಾರಿಗೂ ಬೇಡವಾಯಿತು. ಅಮೆರಿಕದಲ್ಲಿ 1930ರ ದಶಕದಲ್ಲೇ ಶುರುವಾಗಿದ್ದ ತಂತಿ ಪಂಜರದ ಸಾಲು, ಅಂದರೆ ಬ್ಯಾಟರಿ ಕೇಜು, 1950–60ರ ದಶಕಗಳಲ್ಲಿ ಎಲ್ಲ ಕಡೆ ಹಬ್ಬಿತು. ಒಂದು ಶೆಡ್ಡಿನಲ್ಲಿ ಸಾವಿರಾರು ಕೋಳಿ. ಮೇವು ತಾನಾಗಿ ಬರುತ್ತದೆ, ಮೊಟ್ಟೆ ತಾನಾಗಿ ಉರುಳುತ್ತದೆ. ಗೂಡನ್ನು ಯಾರೂ ಎತ್ತಬೇಕಾಗಿಲ್ಲ. ಎತ್ತುವ ಕೈಯ ಮಿತಿ ಹೋದ ಕೂಡಲೇ ಕೋಳಿಯ ಸಂಖ್ಯೆಗೆ ಮಿತಿ ಇಲ್ಲವಾಯಿತು, ಕೋಳಿಗೆ ಸಿಗುವ ಜಾಗ ಇಳಿಯುತ್ತಾ ಹೋಯಿತು. 1964ರಲ್ಲಿ ರೂತ್ ಹ್ಯಾರಿಸನ್ ಅನ್ನುವ ಮಹಿಳೆ ಅನಿಮಲ್ ಮಷೀನ್ಸ್ ಅನ್ನುವ ಪುಸ್ತಕ ಬರೆದು ಇದನ್ನು ಜನರ ಮುಂದೆ ಇಟ್ಟರು. ಬ್ರಿಟಿಷ್ ಸರ್ಕಾರ ಬ್ರ್ಯಾಂಬೆಲ್ ಸಮಿತಿ ನೇಮಿಸಿತು. ಸಾಕುಪ್ರಾಣಿಗೆ ಏಳಲು, ಮಲಗಲು, ತಿರುಗಲು, ಮೈ ನೇವರಿಸಿಕೊಳ್ಳಲು, ಕೈಕಾಲು ಚಾಚಲು ಜಾಗ ಇರಬೇಕು ಅಂತ 1965ರಲ್ಲಿ ಆ ಸಮಿತಿ ಹೇಳಿತು. ಐದು ಸಣ್ಣ ಮಾತು. ಮಂಕರಿಯ ಕೆಳಗಿನ ಕೋಳಿಗೂ ಇಷ್ಟು ಇತ್ತು. ಆದರೂ ಹೇಳಬೇಕಾಗಿ ಬಂತು.

ಯುರೋಪಿನಲ್ಲಿ 1999ರ ಕಾನೂನಿನ ಪ್ರಕಾರ ಹಳೆಯ ಮಾದರಿ ಪಂಜರದಲ್ಲಿ ಒಂದು ಕೋಳಿಗೆ ಕನಿಷ್ಠ 550 ಚದರ ಸೆಂಟಿಮೀಟರ್ ಕೊಡಬೇಕಾಗಿತ್ತು. 2012ರ ಜನವರಿ 1ರಿಂದ ಆ ಪಂಜರವನ್ನೇ ನಿಷೇಧ ಮಾಡಿ, ಅಡ್ಡಗೋಲು ಮೊಟ್ಟೆಗೂಡು ಇರುವ ಪಂಜರದಲ್ಲಿ 750 ಅಂತ ಮಾಡಿದರು. 550 ಅಂದರೆ ಎಷ್ಟು ಅಂತ ಮಕ್ಕಳಿಗೆ ತೋರಿಸಬೇಕಾದರೆ ಕೈಯ ಗೇಣು ಹಾಕಿ. ಒಂದು ಗೇಣು ಉದ್ದ, ಒಂದು ಗೇಣು ಅಗಲ, ಹೆಚ್ಚುಕಮ್ಮಿ ಅಷ್ಟೇ. ನಾವು ಪ್ರಶ್ನೆಪತ್ರಿಕೆ ಮುದ್ರಿಸುವ ಎ4 ಹಾಳೆಗಿಂತ ಚಿಕ್ಕದು. ಕೋಳಿ ಮಲಗಲು ಒಂದು ಗೇಣು ಸಾಕು ಅಂತ ಮೇಲೆ ಹೇಳಿದೆನಲ್ಲ, ಆ ಮಲಗುವ ಅಳತೆಯನ್ನೇ ಹಗಲಿನ ಅಳತೆಯೂ ಮಾಡಿ, ಬದುಕಿಡೀ ಅಷ್ಟರಲ್ಲೇ ನಿಲ್ಲಿಸಿದ್ದು ಬ್ಯಾಟರಿ ಪಂಜರ. ಇದರಿಂದ ಮೊಟ್ಟೆ ಅಗ್ಗವಾಯಿತು ಅನ್ನುವುದೂ ನಿಜ. ನಾಮಕ್ಕಲ್, ಹೈದರಾಬಾದ್ ಸುತ್ತಿನ ಇಂಥ ಶೆಡ್ಡುಗಳ ಮೊಟ್ಟೆ ದೇಶದ ಎಷ್ಟೋ ಮಕ್ಕಳ ತಟ್ಟೆಗೆ ಬಂದಿದೆ. ಆದರೆ ಆ ಅಗ್ಗದ ಮೊಟ್ಟೆಯ ದುಡ್ಡು ಹೆಂಗಸರ ಸೆರಗಿನ ಗಂಟಿಗೆ ಬರುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಎತ್ತಿಡುವ ಗೂಡು ಮತ್ತೆ ಬಂದದ್ದು ಅಮೆರಿಕದಲ್ಲೇ. ವರ್ಜೀನಿಯಾ ರಾಜ್ಯದ ಪಾಲಿಫೇಸ್ ಅನ್ನುವ ತೋಟದ ರೈತ ಜೋಯೆಲ್ ಸಾಲಟಿನ್ ತಳವಿಲ್ಲದ ಗೂಡು ಮಾಡಿ, ದಿನಾ ಹುಲ್ಲುಗಾವಲಿನ ಮೇಲೆ ಸರಿಸುತ್ತಾ ಮಾಂಸದ ಕೋಳಿ ಸಾಕಿದ. 1993ರಲ್ಲಿ ಅದರ ಮೇಲೆ ಪುಸ್ತಕವನ್ನೂ ಬರೆದ. ಅವನ ಗೂಡು 10 ಅಡಿ ಅಗಲ, 12 ಅಡಿ ಉದ್ದ, 2 ಅಡಿ ಎತ್ತರ. ಒಳಗೆ ಸುಮಾರು 75 ಕೋಳಿ. ಅಂದರೆ ಒಂದಕ್ಕೆ 1.6 ಚದರ ಅಡಿ. ಕಮ್ಮಿ ಅನ್ನಿಸಿದರೂ ಅದು ಕೆಲವೇ ವಾರ ಬದುಕುವ ಮಾಂಸದ ಕೋಳಿಯ ಲೆಕ್ಕ, ನೆಲವೂ ದಿನಾ ಹೊಸದು. ಕೆಳಗೆ ಚಕ್ರದ ಗಾಡಿ ತೂರಿಸಿ ಒಬ್ಬನೇ ಎಳೆಯುತ್ತಾನೆ. ಇಂಥ ಸಣ್ಣ ಗೂಡುಗಳಿಗೆ ಅಲ್ಲಿ ಕೋಳಿ ಟ್ರ್ಯಾಕ್ಟರ್ ಅನ್ನುವ ಹೆಸರೇ ಬಿದ್ದಿದೆ. ಕೆದಕುವುದು, ಕಳೆ ತಿನ್ನುವುದು, ಗೊಬ್ಬರ ಹಾಕುವುದು ಎಲ್ಲ ಕೋಳಿಯೇ ಮಾಡುತ್ತದಲ್ಲ, ಅದಕ್ಕೆ.

ಆ 10–12 ಅಡಿಯ ಗೂಡನ್ನು ಹಾಗೇ ತಂದು ನಮ್ಮ ಹೊಲದಲ್ಲಿ ಇಟ್ಟರೆ ಆಗುವುದಿಲ್ಲ. ಕಾರಣ ಮೂರು. ಒಂದು, ನಮ್ಮದು ಸಮತಟ್ಟಾದ ಹುಲ್ಲುಗಾವಲಲ್ಲ. ಕಲ್ಲು, ಬದು, ಸಾಲು. 12 ಅಡಿ ಉದ್ದದ ಚೌಕಟ್ಟು ಉಬ್ಬುತಗ್ಗಿನ ಮೇಲೆ ಕೂತರೆ ಕೆಳಗೆ ಎಲ್ಲಾದರೂ ಸಂದು ಬಿಟ್ಟೇ ಬಿಡುತ್ತದೆ. ಮುಂಗುಸಿಗೆ ಅಷ್ಟು ಸಾಕು. ಚೌಕಟ್ಟು ಚಿಕ್ಕದಾದಷ್ಟೂ ನೆಲಕ್ಕೆ ಸರಿಯಾಗಿ ಕೂರುತ್ತದೆ. ಎರಡು, 2 ಅಡಿ ಎತ್ತರದ ತಗಡಿನ ಮಾಡು ನಮ್ಮ ಏಪ್ರಿಲ್ ಬಿಸಿಲಿಗೆ ಬಾಣಲೆ ಆಗುತ್ತದೆ. ನಮಗೆ ಎತ್ತರ ಸ್ವಲ್ಪ ಜಾಸ್ತಿ ಬೇಕು, ಮೇಲೆ ತೆಂಗಿನ ಗರಿಯೋ ಹುಲ್ಲೋ ಬೇಕು, ಗಾಳಿ ಆಡಬೇಕು. ಮೂರು, ನಮ್ಮಲ್ಲಿ ಎಳೆಯುವವರು ಹೆಂಗಸರು, ಅದೂ ಬೆಳಗಿನ ನೂರು ಕೆಲಸದ ನಡುವೆ.

ಹಾಗಾದರೆ ನಮ್ಮ ಅಳತೆ ಏನು? ಗೇಣು ಮೊಳದಲ್ಲೇ ಹೇಳುತ್ತೇನೆ, ನೆನಪಿಡಲು ಸುಲಭ. ಗೇಣು ಅಂದರೆ 9 ಅಂಗುಲ, ಮೊಳ ಅಂದರೆ 18 ಅಂಗುಲ ಅಂತ ಇಟ್ಟುಕೊಳ್ಳಿ. ರಾತ್ರಿ ಕೂರುವ ಅಡ್ಡಗೋಲಿನ ಮೇಲೆ ಒಂದು ಕೋಳಿಗೆ ಒಂದು ಗೇಣು. ನಾಟಿ ಕೋಳಿಗೆ ಇದು ಧಾರಾಳ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿ ಮಾಡಿದ ಗಿರಿರಾಜದಂಥ ದಪ್ಪ ತಳಿಯಾದರೆ ಗೇಣಿನ ಮೇಲೆ ನಾಲ್ಕು ಬೆರಳು ಸೇರಿಸಿ, ಕೋಲನ್ನೂ ತಗ್ಗಿಸಿ, ಇಳಿಯುವಾಗ ಕಾಲಿಗೆ ಪೆಟ್ಟಾಗಬಾರದು. ಮೊಟ್ಟೆ ಇಡಲು ನಾಲ್ಕೈದು ಹೇಂಟೆಗೆ ಒಂದು ಅಡಿ ಚೌಕದ ಒಂದು ಗೂಡು, ಸ್ವಲ್ಪ ಕತ್ತಲೆ ಇರಲಿ. ಇನ್ನು ಹಗಲಿನ ನೆಲ. ಗೂಡಿನಿಂದ ಹೊರಗೇ ಬಿಡದೆ ದಿನಾ ಸರಿಸುವುದಾದರೆ ಒಂದು ಕೋಳಿಗೆ ಎರಡು ಚದರ ಮೊಳ, ಅಂದರೆ ನಾಲ್ಕೂವರೆ ಚದರ ಅಡಿ. ಸಂಜೆ ಎರಡು ತಾಸಾದರೂ ಬಿಡುವುದಾದರೆ ಅದರಲ್ಲಿ ಸ್ವಲ್ಪ ಕಮ್ಮಿ ಆದರೂ ನಡೆಯುತ್ತದೆ. ಎರಡು ಮೊಳ ಅಗಲ, ನಾಲ್ಕು ಮೊಳ ಉದ್ದದ ಗೂಡಿನಲ್ಲಿ ಎಂಟು ಚದರ ಮೊಳ ನೆಲ ಆಯಿತು, ಅಂದರೆ ನಾಲ್ಕು ಕೋಳಿ ನೆಮ್ಮದಿಯಾಗಿ ಇರುತ್ತವೆ. ಎತ್ತರ ಎರಡು ಮೊಳದಷ್ಟು ಇದ್ದರೆ ಸಾಕು.

ಈಗ ಎತ್ತುವ ಕೈಯ ಅಳತೆ. ನಮ್ಮ ಹೆಂಗಸರು ದಿನಾ ಎತ್ತುವ ತೂಕ ಯಾವುದು? ತುಂಬಿದ ಬಿಂದಿಗೆ. 15 ಲೀಟರ್ ಹಿಡಿಯುವ ಬಿಂದಿಗೆಯಲ್ಲಿ 15 ಕೆ.ಜಿ. ನೀರು. ಗೂಡಿನ ಒಂದು ಕೊನೆ ಎತ್ತಿದಾಗ ಅದಕ್ಕಿಂತ ಭಾರ ಅನ್ನಿಸಬಾರದು. ಒಂದು ಕೊನೆ ಎತ್ತಿದರೆ ಕೈಗೆ ಬರುವುದು ಹೆಚ್ಚುಕಮ್ಮಿ ಅರ್ಧ ತೂಕ. ಹಾಗಾಗಿ ಇಡೀ ಗೂಡು 30 ಕೆ.ಜಿ. ಒಳಗೆ ಇರಬೇಕು. ಕಬ್ಬಿಣದ ಕೋನದ ಬದಲು ಬಿದಿರು ಅಥವಾ ಸಣ್ಣ ರೀಪು, ತಗಡಿನ ಬದಲು ಗರಿ, ಹಿಂದಿನ ಎರಡು ಮೂಲೆಗೆ ಹಳೆ ಸೈಕಲ್ಲಿನದೋ ಮಕ್ಕಳ ಗಾಡಿಯದೋ ಚಕ್ರ ಹಾಕಿದರೆ ಆಗುತ್ತದೆ. ಬಲೆ ಮಾತ್ರ ಗಟ್ಟಿ ಇರಲಿ, ಕಣ್ಣು ಅರ್ಧ ಅಂಗುಲ ಇರಲಿ. ಅಗಲ ಕಣ್ಣಿನ ಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಮುಂಗುಸಿಯನ್ನು ಹೊರಗಿಡುವುದಿಲ್ಲ.

ಎಂಟು ಕೋಳಿ ಸಾಕುವವರು ಏನು ಮಾಡಬೇಕು? ಗೂಡು ದೊಡ್ಡದು ಮಾಡಬೇಡಿ, ಎರಡು ಮಾಡಿ. ಇಂಗ್ಲೆಂಡಿನ ರೈತ ಮಾಡಿದ್ದು ಅದೇ, ನಮ್ಮ ಅಜ್ಜಿ ಮಂಕರಿಯಲ್ಲಿ ಮಾಡಿದ್ದೂ ಅದೇ. ಎರಡಿದ್ದರೆ ಇನ್ನೊಂದು ಲಾಭ: ಒಂದರಲ್ಲಿ ರೋಗ ಕಂಡರೆ ಇನ್ನೊಂದನ್ನು ದೂರ ಇಡಬಹುದು. ಮರಿ ಮಾಡಿದ ಹೇಂಟೆಗೆ ಹುಂಜದ ಕಾಟ ತಪ್ಪಿಸಬಹುದು.

ಶಾಲೆಯ ಮಕ್ಕಳಿಗೆ ಒಂದು ಲೆಕ್ಕವೂ ಇದರಲ್ಲಿ ಸಿಗುತ್ತದೆ. ಎರಡು ಮೊಳ, ನಾಲ್ಕು ಮೊಳದ ಗೂಡು ಅಂದರೆ 3 ಅಡಿ, 6 ಅಡಿ. ನೆಲ 18 ಚದರ ಅಡಿ. ದಿನಕ್ಕೊಂದು ಸಲ ಸರಿಸಿದರೆ 24 ದಿನಕ್ಕೆ 432 ಚದರ ಅಡಿ, ಅಂದರೆ ಸುಮಾರು ಒಂದು ಸೆಂಟು. ಒಂದು ಕೋಳಿ ದಿನಕ್ಕೆ ಸುಮಾರು 100 ಗ್ರಾಂ ಹಸಿ ಹಿಕ್ಕೆ ಹಾಕುತ್ತದೆ ಅಂದರೆ ನಾಲ್ಕು ಕೋಳಿಗೆ 24 ದಿನಕ್ಕೆ ಹತ್ತಿರ ಹತ್ತಿರ 10 ಕೆ.ಜಿ. ಒಂದು ಸೆಂಟು ನೆಲಕ್ಕೆ, ಹೊರುವ ಕೂಲಿ ಇಲ್ಲದೆ, ಸಮನಾಗಿ ಹರಡಿದ ಗೊಬ್ಬರ. ಕೋಳಿಗೊಬ್ಬರ ಬಿಸಿ, ಬೆಳೆ ಇರುವಾಗ ಬೇಡ, ಬಿತ್ತುವ ಮೊದಲು ಸರಿಸಿಕೊಂಡು ಹೋಗಿ.

ದಿನಾ ಯಾಕೆ ಸರಿಸಬೇಕು, ವಾರಕ್ಕೊಮ್ಮೆ ಸಾಲದೇ ಅಂತ ಕೇಳುವವರಿದ್ದಾರೆ. ಕೋಳಿಮರಿಗೆ ರಕ್ತಭೇದಿ ತರುವ ಕಾಕ್ಸಿಡಿಯಾ ಅನ್ನುವ ಸೂಕ್ಷ್ಮಜೀವಿಯ ತತ್ತಿ ಹಿಕ್ಕೆಯಲ್ಲಿ ಬೀಳುತ್ತದೆ. ಬಿದ್ದ ಕೂಡಲೇ ಅದು ರೋಗ ತರುವುದಿಲ್ಲ. ತೇವ, ಬಿಸಿ ಸಿಕ್ಕರೆ ಒಂದೆರಡು ದಿನದಲ್ಲಿ ಬಲಿತು ರೋಗ ತರುವ ಹಾಗಾಗುತ್ತದೆ. ಅದು ಬಲಿಯುವ ಹೊತ್ತಿಗೆ ಗೂಡು ಮುಂದಕ್ಕೆ ಹೋಗಿದ್ದರೆ ಕೋಳಿ ಬಚಾವು. ಇದನ್ನು ಸೂಕ್ಷ್ಮದರ್ಶಕ ಇಲ್ಲದ ಕಾಲದಲ್ಲೇ ನಮ್ಮವರು ಮಂಕರಿ ಸರಿಸಿ ಸರಿಸಿ ಮಾಡುತ್ತಿದ್ದರು. ಆದರೆ ಎಲ್ಲ ರೋಗಕ್ಕೂ ಇದೇ ಮದ್ದು ಅಂದುಕೊಳ್ಳಬೇಡಿ. ನಾವು ಕೊಕ್ಕರೆ ರೋಗ ಅನ್ನುವ ರಾಣಿಖೇತ್ ರೋಗ 1920ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಹತ್ತಿರ, ಜಾವಾದಲ್ಲಿ, ನಮ್ಮ ಕುಮಾವೂ ಸೀಮೆಯ ರಾಣಿಖೇತ್‌ನಲ್ಲಿ ಗುರುತಾಯಿತು. ಅದಕ್ಕೆ ಲಸಿಕೆ ಹಾಕಿಸಲೇಬೇಕು. ಗೂಡು ಎಷ್ಟು ಸರಿಸಿದರೂ ಅದು ಬಿಡುವುದಿಲ್ಲ.

ಈ ಚರಿತ್ರೆಯಲ್ಲಿ ನನಗೆ ಕಂಡದ್ದು ಇಷ್ಟು. ಎತ್ತುವವರು ಯಾರು ಅಂತ ನೋಡಿ ಗೂಡು ಮಾಡಿದ ಕಾಲದಲ್ಲೆಲ್ಲ ಗೂಡು ಚಿಕ್ಕದಿತ್ತು, ಕೋಳಿಗೆ ಜಾಗ ದೊಡ್ಡದಿತ್ತು. ಎತ್ತುವವರನ್ನು ಮರೆತು ಮಾಡಿದಾಗ ಗೂಡು ದೊಡ್ಡದಾಯಿತು, ಕೋಳಿಯ ಪಾಲಿಗೆ ಒಂದು ಗೇಣು ಉಳಿಯಿತು. ನಮ್ಮೂರಿಗೆ ಬಂದ ಕಬ್ಬಿಣದ ಗೂಡಿಗೂ ಆ ಮರೆವೇ ಕಾರಣ. ಇನ್ನು ಮುಂದೆ ಯಾವುದೇ ಯೋಜನೆಯಲ್ಲಿ ಗೂಡು ಕೊಡಲು ಬಂದರೆ, ಕೋಳಿ ಸಾಕುವ ಹೆಂಗಸರನ್ನು ಕರೆದು "ಅಮ್ಮಾ, ಇದರ ಒಂದು ಕೊನೆ ಎತ್ತಿ ನೋಡಿ" ಅಂತ ಮೊದಲು ಕೇಳಲಿ. ಅವರು ಎತ್ತಿದರೆ ತೆಗೆದುಕೊಳ್ಳೋಣ, ಇಲ್ಲದಿದ್ದರೆ ವಾಪಸ್ಸು ಕಳಿಸೋಣ.

ಉಪಾಧ್ಯಾಯ ಮಿತ್ರರಲ್ಲಿ ಒಂದು ಕೋರಿಕೆ. ಮಂಕರಿ ಹೆಣೆಯುವ ಮೇದರು, ಅದನ್ನು ಅಳತೆ ಹೇಳಿ ಮಾಡಿಸಿದ ಅಜ್ಜಿಯರು ಇನ್ನೂ ನಮ್ಮ ಊರುಗಳಲ್ಲಿ ಇದ್ದಾರೆ. ಬಾಯಿ ಎಷ್ಟು ಮೊಳ, ಎತ್ತರ ಎಷ್ಟು, ಒಳಗೆ ಎಷ್ಟು ಕೋಳಿ, ಯಾವ ಕಡ್ಡಿ, ಯಾವ ಹೆಣಿಗೆ, ಪ್ರತಿಯೊಂದಕ್ಕೂ ಏನು ಹೆಸರು ಅಂತ ಮಕ್ಕಳಿಂದ ಕೇಳಿಸಿ ಬರೆಸಿ. ಕನ್ನಡದ ಆ ಹೆಸರುಗಳು ಆ ಬಾಯಿಗಳಲ್ಲೇ ಇವೆ. ಬರೆದ ಹಾಳೆಗಳನ್ನು ನಮ್ಮ ವಾಚನಾಲಯಕ್ಕೆ ತಂದು ಕೊಟ್ಟರೆ ಒಂದು ಕಡತ ಮಾಡಿ ಇಡುತ್ತೇವೆ. ಗೂಡು ಮಾಡಿಕೊಳ್ಳಬೇಕು ಅನ್ನುವವರಿಗೆ ಎರಡು ಮೊಳ, ನಾಲ್ಕು ಮೊಳದ ನಕ್ಷೆಯನ್ನೂ ಅಲ್ಲೇ ಇಟ್ಟಿರುತ್ತೇನೆ, ಬಂದು ನೋಡಿ.